ಮಲೆನಾಡಿನ ಮಳೆಗಾಲದಲ್ಲಿ ಸಣ್ಣ ಸ್ಟುಡಿಯೋ: ಮೈಕ್ ಯಾವುದು, ಕೋಣೆ ಹೇಗೆ, ತೇವ ತಡೆಯುವುದು ಹೇಗೆ?

ಕವಲೇದುರ್ಗ

ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ದಾರಿಯಲ್ಲಿರುವ ಮನೆಯ ಮಹಡಿ ಕೋಣೆಯೊಂದನ್ನು ಧ್ವನಿಮುದ್ರಣಕ್ಕೆ ಸಜ್ಜು ಮಾಡಬೇಕಿದೆ. 14 ಅಡಿ ಉದ್ದ, 11 ಅಡಿ ಅಗಲ, 9 ಅಡಿ ಎತ್ತರ. ಜಂಬಿಟ್ಟಿಗೆ ಗೋಡೆ, ಮೇಲೆ ಮಂಗಳೂರು ಹಂಚು, ಪಕ್ಕದ ಜಗಲಿಗೆ ತಗಡಿನ ಶೀಟು. ಮುದ್ರಿಸಬೇಕಾದದ್ದು ಹೆಚ್ಚಾಗಿ ಗಮಕ (ರಾಗವಾಗಿ ಕಾವ್ಯ ಓದುವುದು) ಮತ್ತು ಸುಗಮ ಸಂಗೀತ, ಆಗೀಗ ಯಕ್ಷಗಾನದ ಹಿಮ್ಮೇಳ. ಲ್ಯಾಪ್‌ಟಾಪ್, ಮೂರನೇ ತಲೆಮಾರಿನ ಫೋಕಸ್‌ರೈಟ್ ಸ್ಕಾರ್ಲೆಟ್ 2ಐ2 (ಮೈಕನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಇಂಟರ್‌ಫೇಸ್), ಒಂದು ಶ್ಯೂರ್ ಎಸ್‌ಎಂ 58 ಡೈನಮಿಕ್ ಮೈಕ್ ಇವೆ.

ಒಂದು ದೊಡ್ಡ ಡಯಾಫ್ರಮ್ (ದನಿಗೆ ಕಂಪಿಸುವ ತೆಳು ಪೊರೆ) ಕಂಡೆನ್ಸರ್ ಮೈಕ್ ಕೊಳ್ಳುವ ಯೋಚನೆ ಇದೆ. ಅಂಗಡಿಯಲ್ಲಿ ಮಾತ್ರ "ನಿಮ್ಮ ಕಡೆ ಮಳೆಗೆ ಕಂಡೆನ್ಸರ್ ಉಳಿಯುವುದಿಲ್ಲ, ಎಸ್‌ಎಂ 7ಬಿ ತಗೊಳ್ಳಿ" ಅನ್ನುತ್ತಿದ್ದಾರೆ (ಅದು ಡೈನಮಿಕ್ ಮೈಕ್, ವಿದ್ಯುತ್ತು ಕೊಡಬೇಕಿಲ್ಲದ್ದು). ಎಷ್ಟು ನಿಜ? ಇರುವ ಹಣದಲ್ಲಿ ಮೈಕಿಗೆ ಎಷ್ಟು, ಕೋಣೆಗೆ ಎಷ್ಟು ಇಡಬೇಕು? ತಿಳಿದವರು ಬಿಡಿಸಿ ಹೇಳಿ.

ಶ್ರುತಿಬಿಂದು

ಅಂಗಡಿಯವರ ಮಾತು ಅರ್ಧ ನಿಜ. ತೇವದ ವಿಷಯ ಬೇರೆಯವರು ಹೇಳುತ್ತಾರೆ, ನಾನು ಗದ್ದಲದ ಲೆಕ್ಕ ಕೊಡುತ್ತೇನೆ.

ಮೆಲ್ಲನೆ ಹಾಡುವ ದನಿ ಒಂದಡಿ ದೂರದಲ್ಲಿ 74 ಡಿಬಿ ಇದೆ ಎಂದಿಟ್ಟುಕೊಳ್ಳಿ. ರೋಡ್ ಎನ್‌ಟಿ1 ಮೈಕಿನ ಸ್ವಂತ ಗದ್ದಲ 4.5 ಡಿಬಿ. ಆಡಿಯೋ ಟೆಕ್ನಿಕಾ ಎಟಿ 2035ರದ್ದು 12, ಎಟಿ 2020ರದ್ದು 20. ಕಾಗದದಲ್ಲಿ ನೋಡಿದರೆ ಅಜಗಜಾಂತರ. ಆದರೆ ನಿಮ್ಮ ಕೋಣೆ ಒಳ್ಳೆಯ ದಿನದಲ್ಲೂ 35 ಡಿಬಿ ಇರುತ್ತದೆ ಅನ್ನಿ. ಡಿಬಿ ನೇರವಾಗಿ ಕೂಡುವ ಅಂಕಿಯಲ್ಲ, 35ರ ಜೊತೆ 20 ಕೂಡಿಸಿದರೆ 35.1. 35ರ ಜೊತೆ 4.5 ಕೂಡಿಸಿದರೆ 35.0. ಕಿವಿಗೆ ಗೊತ್ತಾಗುವ ವ್ಯತ್ಯಾಸವೇ ಅಲ್ಲ. ಅದೇ ಕೋಣೆಯನ್ನು 35ರಿಂದ 27ಕ್ಕೆ ಇಳಿಸಿದರೆ, ಯಾವ ಮೈಕ್ ಇಟ್ಟರೂ ಹೆಚ್ಚುಕಡಿಮೆ 8 ಡಿಬಿ ಲಾಭ. ಹಾಗಾಗಿ ಅರ್ಧಕ್ಕಿಂತ ಹೆಚ್ಚು ಹಣ ಮೊದಲು ಕೋಣೆಗೆ ಹೋಗಲಿ. ಮೈಕಿಗೆ ಎಟಿ 2035 ದರ್ಜೆ ಸಾಕು. ಅದರಲ್ಲಿ 10 ಡಿಬಿ ಪ್ಯಾಡ್ (ಜೋರು ದನಿ ತಗ್ಗಿಸುವ ಸ್ವಿಚ್) ಮತ್ತು 80 ಹರ್ಟ್ಸ್ ಲೋ-ಕಟ್ (ಅದಕ್ಕಿಂತ ತಗ್ಗಿನ ಸದ್ದು ಇಳಿಸುವ ಸ್ವಿಚ್) ಎರಡೂ ಇವೆ, ಹಿಮ್ಮೇಳಕ್ಕೂ ಉಪಯೋಗಕ್ಕೆ ಬರುತ್ತದೆ.

ಇನ್ನು ಎಸ್‌ಎಂ 7ಬಿ. ಅದರ ಸಂವೇದನೆ ಒಂದು ಪಾಸ್ಕಲ್‌ಗೆ 1.12 ಮಿಲಿವೋಲ್ಟ್. 74 ಡಿಬಿ ಎಂದರೆ 0.1 ಪಾಸ್ಕಲ್, ಅಂದರೆ ಕೈಗೆ ಸಿಗುವುದು 0.11 ಮಿಲಿವೋಲ್ಟ್. ನಿಮ್ಮ ಇಂಟರ್‌ಫೇಸಿನ 56 ಡಿಬಿ ಗೇನ್ (ದನಿ ಏರಿಸುವ ಗುಂಡಿ) ಪೂರ್ತಿ ತಿರುಗಿಸಿದರೂ ಮೀಟರು −30 ಡಿಬಿಎಫ್‌ಎಸ್ (ಸೊನ್ನೆ ಎಂದರೆ ದನಿ ಒಡೆಯುವ ಗಡಿ) ಹತ್ತಿರ ನಿಲ್ಲುತ್ತದೆ. 24 ಬಿಟ್‌ನಲ್ಲಿ ಮುದ್ರಿಸಿ ಆಮೇಲೆ 12 ಡಿಬಿ ಏರಿಸಿದರೆ ಹೇಳಿಕೊಳ್ಳುವ ನಷ್ಟವಿಲ್ಲ. ಹೆಡ್‌ಫೋನಿನಲ್ಲಿ ಹಾಡುಗಾರರಿಗೆ ದನಿ ಸಣ್ಣಗೆ ಕೇಳುವುದೇ ತೊಂದರೆ. ಅದಕ್ಕಾಗಿ ಜನ 25 ಡಿಬಿ ಕೂಡಿಸುವ ಕ್ಲೌಡ್‌ಲಿಫ್ಟರ್‌ನಂಥದ್ದು ಹಾಕುವುದು.

"ಡೈನಮಿಕ್ ಮೈಕ್ ಕೋಣೆಯ ಗದ್ದಲ ಹಿಡಿಯುವುದಿಲ್ಲ" ಅನ್ನುವ ಮಾತನ್ನು ಪೂರ್ತಿ ನಂಬಬೇಡಿ. ಅದನ್ನು ಬಾಯಿಗೆ ಮೂರು ಇಂಚಿನಲ್ಲಿ ಹಿಡಿಯುತ್ತಾರೆ, ಅದಕ್ಕೇ ಕೋಣೆ ಕಡಿಮೆ ಕೇಳುತ್ತದೆ. ಒಂದಡಿಯಿಂದ ಮೂರು ಇಂಚಿಗೆ ಬಂದರೆ ದನಿ 12 ಡಿಬಿ ಏರುತ್ತದೆ, ಕೋಣೆ ಇದ್ದ ಹಾಗೇ ಇರುತ್ತದೆ. ಕಂಡೆನ್ಸರನ್ನೂ ಹತ್ತಿರ ತಂದರೆ ಇದೇ ಲಾಭ. ಆದರೆ ಗಮಕಿಗಳು ಮೂರು ಇಂಚಿನಲ್ಲಿ ಅಲ್ಲಾಡದೆ ಕೂತು ಹಾಡುವುದಿಲ್ಲ, ಹಾಡಬಾರದು ಕೂಡ. ತಲೆ ಸ್ವಲ್ಪ ತಿರುಗಿದರೂ ಮಂದ್ರ ಉಬ್ಬುತ್ತದೆ, ಇಳಿಯುತ್ತದೆ.

ಮಳೆಮಾಪನ

ತೇವದ ಪಾಲಿನ ಉತ್ತರ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟುವ ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಳಗಿನ ಗಾಳಿಯೂ 85–95% ಆರ್ದ್ರತೆಯಲ್ಲೇ ನಿಲ್ಲುತ್ತದೆ.

ಕಂಡೆನ್ಸರ್ ಕ್ಯಾಪ್ಸೂಲ್ (ಮೈಕಿನಲ್ಲಿ ದನಿ ಹಿಡಿಯುವ ಭಾಗ) ಎಂದರೆ ಕೆಲವೇ ಹತ್ತು ಪಿಕೋಫ್ಯಾರಡ್‌ಗಳ ಕೆಪಾಸಿಟರ್. ಅದರ ಹಿಂದೆ 1 ಗಿಗಾಓಮ್ ಆಸುಪಾಸಿನ ರೆಸಿಸ್ಟರ್, ಒಂದು ಎಫ್‌ಇಟಿ (ಒಂದು ಬಗೆಯ ಟ್ರಾನ್ಸಿಸ್ಟರ್). ಕ್ಯಾಪ್ಸೂಲಿನ ಅಂಚಿನಲ್ಲೋ ಬೋರ್ಡಿನ ಮೇಲೋ ದೂಳು ಕೂತು, ಆ ದೂಳು ತೇವ ಹೀರಿದರೆ, ವಿದ್ಯುತ್ತು ಸೋರಲು ಒಂದು ದಾರಿ ಆಗುತ್ತದೆ. ಮೊದಲು ಸಣ್ಣ ಚಿಟಪಟ ಸದ್ದು, ಆಮೇಲೆ "ಟಪ್" ಎಂಬ ಹೊಡೆತಗಳು, ಕೊನೆಗೆ ದನಿಯೇ ಕುಸಿಯುವುದು. ತೇವ ಒಂದೇ ಇದ್ದರೆ ಒಣಗಿಸಿದ ಮೇಲೆ ಮೈಕ್ ಮೊದಲಿನಂತಾಗುತ್ತದೆ. ತೇವದ ಜೊತೆ ದೂಳು, ಉಗುಳಿನ ಹನಿ, ಹೊಗೆಯ ಮಸಿ ಸೇರಿದ್ದರೆ ಆಗುವುದಿಲ್ಲ. ಬೂಷ್ಟು ಬಂದರಂತೂ ಕ್ಯಾಪ್ಸೂಲ್ ಬಿಚ್ಚಬಲ್ಲ ತಂತ್ರಜ್ಞರ ಬಳಿಗೇ ಹೋಗಬೇಕು. ಡಯಾಫ್ರಮ್ಮಿಗೆ ಹತ್ತಿ, ಬ್ರಷ್, ಊದುವುದು ಯಾವುದೂ ಬೇಡ.

ಇಡುವ ಕ್ರಮ:

ಕ್ಯಾಮೆರಾದವರು ಬಳಸುವ ಡ್ರೈ ಕ್ಯಾಬಿನೆಟ್ ಸಿಕ್ಕರೆ ಅದೇ ಸರಿ, 40–45%ಕ್ಕೆ ಇಟ್ಟರೆ ಸಾಕು. ಇಲ್ಲದಿದ್ದರೆ ಮುಚ್ಚಳಕ್ಕೆ ರಬ್ಬರ್ ಪಟ್ಟಿ ಇರುವ 15–20 ಲೀಟರಿನ ಪ್ಲಾಸ್ಟಿಕ್ ಡಬ್ಬ, ಒಳಗೆ ಬಟ್ಟೆಚೀಲದಲ್ಲಿ ಅರ್ಧ ಕೆ.ಜಿ. ಸಿಲಿಕಾ ಜೆಲ್, ಒಂದು ಸಣ್ಣ ಆರ್ದ್ರತಾ ಮಾಪಕ. ಕಿತ್ತಳೆ ಬಣ್ಣದ ಜೆಲ್ ತಗೊಳ್ಳಿ, ನೀಲಿ ಬೇಡ. ನೀಲಿಯಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಅದು ವಿಷ. ಕಿತ್ತಳೆ ಹೋಗಿ ಹಸಿರು ತಿರುಗಿದರೆ ತಟ್ಟೆಯಲ್ಲಿ ತೆಳ್ಳಗೆ ಹರಡಿ ಓವನ್‌ನಲ್ಲಿ 110–120 ಡಿಗ್ರಿಗೆ ಎರಡು ಗಂಟೆ. ಅದಕ್ಕಿಂತ ಕಾಯಿಸಿದರೆ ಬಣ್ಣ ಸುಡುತ್ತದೆ. ಪೂರ್ತಿ ಆರುವ ಮೊದಲೇ ಗಾಳಿಯಾಡದ ಡಬ್ಬಕ್ಕೆ ಹಾಕಿ, ಇಲ್ಲವಾದರೆ ಆರುವಷ್ಟರಲ್ಲೇ ಮತ್ತೆ ತೇವ ಕುಡಿದಿರುತ್ತದೆ.

ಮಾಪಕವನ್ನು ಪರೀಕ್ಷಿಸದೆ ನಂಬಬೇಡಿ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಒದ್ದೆ ಮರಳಿನಂತಾಗುವಷ್ಟು ಮಾತ್ರ ನೀರಿನ ಹನಿ ಬಿಡಿ. ಕರಗಬಾರದು. ಅದನ್ನೂ ಮಾಪಕವನ್ನೂ ಜಿಪ್ ಚೀಲದಲ್ಲಿ ಮುಚ್ಚಿ ಹತ್ತು-ಹನ್ನೆರಡು ಗಂಟೆ ಬಿಡಿ. 25 ಡಿಗ್ರಿಯಲ್ಲಿ ಒಳಗಿನ ಗಾಳಿ 75%ಕ್ಕೆ ಬಂದು ನಿಲ್ಲುತ್ತದೆ. ಮಾಪಕ 68 ತೋರಿಸಿದರೆ ಅದು 7 ಕಡಿಮೆ ಓದುತ್ತದೆ ಎಂದು ಡಬ್ಬದ ಮೇಲೆ ಬರೆದಿಡಿ.

ಡಬ್ಬದಲ್ಲಿ ನುಸಿಗುಳಿಗೆ ಇಡಲೇಬೇಡಿ. ಬಟ್ಟೆ ಬೀರುವಿನ ಅಭ್ಯಾಸ ಇಲ್ಲಿಗೆ ಬಾರದು. ಆ ಆವಿ ಎಲ್ಲ ಮೇಲ್ಮೈ ಮೇಲೂ ಕೂರುತ್ತದೆ. ಮುದ್ರಣದ ಮೊದಲು ಪೂಜೆ, ಊದುಬತ್ತಿ, ಮಂಗಳಾರತಿ ಇದ್ದರೆ ಅದೆಲ್ಲ ಮುಗಿದು ಹೊಗೆ ಹೋದ ಮೇಲೆ ಮೈಕ್ ಹೊರತೆಗೆಯಿರಿ.

ಕವಲೇದುರ್ಗ

ತುಂಬ ಉಪಕಾರ ಆಯ್ತು. ಮೈಕನ್ನು ಸ್ಟ್ಯಾಂಡಿನಲ್ಲೇ ಬಿಟ್ಟು ಫ್ಯಾಂಟಮ್ ಪವರ್ (ಕೇಬಲಿನಲ್ಲೇ ಮೈಕಿಗೆ ಕೊಡುವ 48 ವೋಲ್ಟ್) ಸದಾ ಹಾಕಿಟ್ಟರೆ ಆ ಕಾವಿಗೆ ಒಣಗಿರುತ್ತದೆ ಎಂದು ಒಬ್ಬರು ಹೇಳಿದರು. ಮಾಡಬಹುದಾ? ಇನ್ನೊಂದು, ಕೋಣೆಗೆ ಡಿಹ್ಯುಮಿಡಿಫೈಯರ್ ಬೇಕೇ ಬೇಕಾ, ಡಬ್ಬ ಸಾಲದಾ?

ತಾಮ್ರತಂತಿ

ಬೇಡ ಮಾರಾಯ್ರೆ. ಎಫ್‌ಇಟಿ ಮೈಕ್ ಎಳೆಯುವುದು ಮೂರು-ನಾಲ್ಕು ಮಿಲಿಆಂಪ್. ಅದು ಕೊಡುವ ಕಾವು 0.2 ವ್ಯಾಟ್ ಕೂಡ ಅಲ್ಲ. ಆಗುಂಬೆಯ ಗಾಳಿಗೆ ಅದು ಯಾವ ಲೆಕ್ಕ? ಮೇಲಾಗಿ ವಿದ್ಯುತ್ತು ತುಂಬಿದ ಕ್ಯಾಪ್ಸೂಲ್ ದೂಳನ್ನು ಸೆಳೆದುಕೊಳ್ಳುತ್ತದೆ. ವಾಲ್ವ್ ಮೈಕಿನ ಮಾತು ಬೇರೆ, ಅದು ನಿಜವಾಗಿಯೂ ಬಿಸಿಯಾಗುತ್ತದೆ.

ಫ್ಯಾಂಟಮ್ ಸರಿ ಇದೆಯೇ ಎಂದು ಮಲ್ಟಿಮೀಟರಿನಲ್ಲಿ ನೋಡಿಕೊಳ್ಳಿ. ಕೇಬಲ್ ತುದಿಯಲ್ಲಿ 1 ಮತ್ತು 2ನೇ ಪಿನ್ ನಡುವೆ 44ರಿಂದ 52 ವೋಲ್ಟ್, 1 ಮತ್ತು 3ರ ನಡುವೆಯೂ ಅಷ್ಟೇ, 2 ಮತ್ತು 3ರ ನಡುವೆ ಸೊನ್ನೆ ಬರಬೇಕು. ಎರಡು ದಾರಿಯಲ್ಲೂ 6.8 ಕಿಲೋಓಮ್ ರೆಸಿಸ್ಟರ್ ಇರುವುದರಿಂದ, 4 ಮಿಲಿಆಂಪ್ ಎಳೆಯುವ ಮೈಕ್ ಹಾಕಿದಾಗ 34 ವೋಲ್ಟ್ ಆಸುಪಾಸಿಗೆ ಇಳಿಯುವುದು ಸಹಜ, ಗಾಬರಿ ಬೇಡ. ಒಂದು ಪಿನ್‌ನಲ್ಲಿ 48, ಇನ್ನೊಂದರಲ್ಲಿ 30 ಬಂದರೆ ಕೇಬಲಿನ ಬೆಸುಗೆ ಅಥವಾ ಕನೆಕ್ಟರಿನಲ್ಲಿ ತುಕ್ಕು. ನಮ್ಮ ಕಡೆಯ ಚಿಟಪಟ ಸದ್ದುಗಳಲ್ಲಿ ಎಷ್ಟೋ ಬಾರಿ ತಪ್ಪು ಮೈಕಿನದ್ದಲ್ಲ, ಎಕ್ಸ್‌ಎಲ್‌ಆರ್ (ಮೈಕ್ ಕೇಬಲಿನ ಮೂರು ಪಿನ್ನಿನ ಕನೆಕ್ಟರ್) ಪಿನ್ನಿನದ್ದು.

ಪತ್ತೆ ಹಚ್ಚುವ ಕ್ರಮ ಇಷ್ಟೇ: ಮೊದಲು ಕೇಬಲ್ ಬದಲಿಸಿ. ಆಮೇಲೆ ಇಂಟರ್‌ಫೇಸಿನ ಇನ್ನೊಂದು ಇನ್‌ಪುಟ್‌ಗೆ ಹಾಕಿ. ಎರಡರಲ್ಲೂ ಸದ್ದು ಮೈಕಿನ ಜೊತೆಗೇ ಬಂದರೆ ಹೊಸ ಜೆಲ್ ಇರುವ ಡಬ್ಬದಲ್ಲಿ ಒಂದು ಹಗಲು ಒಂದು ರಾತ್ರಿ ಮುಚ್ಚಿಡಿ. ಹೋದರೆ ತೇವ, ಹೋಗದಿದ್ದರೆ ಕೊಳೆ ಅಥವಾ ಬೆಸುಗೆ. ಹೇರ್ ಡ್ರೈಯರ್ ಬಿಸಿ, ಅಕ್ಕಿ ಡಬ್ಬ ಎರಡೂ ಬೇಡ. ಅಕ್ಕಿಯ ದೂಳು ಇನ್ನೊಂದು ತಲೆನೋವು. ಪಿನ್ನುಗಳನ್ನು 99% ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ, ಫ್ಯಾಂಟಮ್ ಆರಿಸಿದ ಮೇಲೆ. ಬೀಗಕ್ಕೆ, ಸರಪಳಿಗೆ ಹೊಡೆಯುವ ಎಣ್ಣೆ ಸ್ಪ್ರೇ ಕನೆಕ್ಟರಿಗೆ ಹೊಡೆದರೆ ಜಿಡ್ಡು ಉಳಿದು ದೂಳು ಹಿಡಿಯುತ್ತದೆ.

ಮಳೆಮಾಪನ

ಡಿಹ್ಯುಮಿಡಿಫೈಯರ್ ಬೇಕು. ಮೈಕ್ ಡಬ್ಬದಲ್ಲಿ ಒಣಗಿದ್ದರೂ ಹೊರಬಂದು ಮೂರು ಗಂಟೆ 90%ರಲ್ಲಿ ನಿಂತರೆ ಏನು ಬಂತು?

ಲೆಕ್ಕ ನೋಡಿ. ನಿಮ್ಮ ಕೋಣೆ ಸುಮಾರು 39 ಘನ ಮೀಟರ್. 25 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 23 ಗ್ರಾಂ ನೀರಾವಿ ಹಿಡಿಯುತ್ತದೆ. 90%ರಿಂದ 55%ಕ್ಕೆ ಇಳಿಸಲು ಗಾಳಿಯಿಂದ ತೆಗೆಯಬೇಕಾದ್ದು ಬರೀ 315 ಗ್ರಾಂ, ಒಂದು ದೊಡ್ಡ ಲೋಟ ನೀರು. ಆದರೂ ಮೊದಲ ದಿನ ಯಂತ್ರದ ತೊಟ್ಟಿ ಲೀಟರುಗಟ್ಟಲೆ ತುಂಬುತ್ತದೆ, ಮಾಪಕ ಮಾತ್ರ ಇಳಿಯುವುದಿಲ್ಲ. ಜಂಬಿಟ್ಟಿಗೆ ಗೋಡೆ, ಮರ, ಜಮಖಾನ ಎಲ್ಲ ನೀರು ಕುಡಿದು ಕೂತಿರುತ್ತವೆ, ಗಾಳಿ ಒಣಗುತ್ತಿದ್ದಂತೆ ಬಿಟ್ಟುಕೊಡುತ್ತವೆ. ಮಳೆ ಹಿಡಿಯುವ ಮುಂಚೆಯೇ, ಮೇ ಕೊನೆಯಿಂದ ದಿನವೂ ಓಡಿಸಿದರೆ ಮಾತ್ರ ಹಿಡಿತಕ್ಕೆ ಬರುತ್ತದೆ.

ಕೂತ ಒಬ್ಬ ಮನುಷ್ಯ ಗಂಟೆಗೆ ಸುಮಾರು 50 ಗ್ರಾಂ ನೀರಾವಿ ಬಿಡುತ್ತಾನೆ. ಮುಚ್ಚಿದ ಕೋಣೆಯಲ್ಲಿ ಇಬ್ಬರಿದ್ದರೆ ಗಂಟೆಗೆ 11%ದಷ್ಟು ಆರ್ದ್ರತೆ ಏರುವ ಲೆಕ್ಕ. ಗೋಡೆ ಒಂದಿಷ್ಟು ಹೀರಿಕೊಳ್ಳುತ್ತದೆ ಅನ್ನಿ. ಡಿಹ್ಯುಮಿಡಿಫೈಯರ್ ಸದ್ದು ಮೈಕಿಗೆ ಬೀಳುವುದರಿಂದ ಹೀಗೆ ಮಾಡಿ: ಮುದ್ರಣಕ್ಕೆ ಮುಂಚೆ 50%ಕ್ಕೆ ಇಳಿಸಿ, ಆರಿಸಿ. 40 ನಿಮಿಷ ಮುದ್ರಣ, 15 ನಿಮಿಷ ಬಿಡುವು, ಆ ಬಿಡುವಿನಲ್ಲಿ ಬಾಗಿಲು ಮುಚ್ಚಿ ಯಂತ್ರ ಹಚ್ಚಿ, ಜನ ಹೊರಗೆ ಕಾಫಿಗೆ.

ಎಸಿಯಿಂದಲೂ ತೇವ ಇಳಿಯುತ್ತದೆ, ಆದರೆ ಕೋಣೆ ತಣ್ಣಗಾಗುತ್ತದೆ. ಹೊರಗೆ 25 ಡಿಗ್ರಿ, 85% ಇದ್ದಾಗ ಇಬ್ಬನಿ ಕಟ್ಟುವ ಬಿಂದು 22 ಡಿಗ್ರಿ ದಾಟಿರುತ್ತದೆ. 20 ಡಿಗ್ರಿಗೆ ತಣಿದ ಮೈಕನ್ನು ಬರಿಗೈಯಲ್ಲಿ ಜಗಲಿಗೆ ತಂದರೆ ಡಯಾಫ್ರಮ್ ಮೇಲೆ ನೀರು ಕಟ್ಟುತ್ತದೆ. ಡಬ್ಬಕ್ಕೆ ಹಾಕಿ ಮುಚ್ಚಿಯೇ ಹೊರತನ್ನಿ, ಅರ್ಧ ಗಂಟೆ ಬಿಟ್ಟು ತೆರೆಯಿರಿ.

ಹಿಮ್ಮೇಳ

50% ಎಂದು ಹಟ ಹಿಡಿಯಬೇಡಿ. ಚರ್ಮವಾದ್ಯದವರ ಕಷ್ಟವನ್ನೂ ಕೇಳಿ. ಹೊರಗಿನ 90%ರಿಂದ ಮದ್ದಳೆಯೋ ಮೃದಂಗವೋ ಒಣ ಕೋಣೆಗೆ ಬಂದರೆ ಮುಚ್ಚಿಗೆ (ವಾದ್ಯದ ಚರ್ಮದ ಮುಖ) ಬಿಗಿದುಕೊಳ್ಳುತ್ತಾ ಶ್ರುತಿ ಏರುತ್ತಲೇ ಇರುತ್ತದೆ. ಎಡ ಮುಚ್ಚಿಗೆಗೆ ಮೆತ್ತುವ ಮುದ್ದೆ, ಬೋನವೂ ಬೇಗ ಒಣಗುತ್ತದೆ. ಹತ್ತು ನಿಮಿಷಕ್ಕೊಮ್ಮೆ ಶ್ರುತಿ ಮಾಡುತ್ತ ಕೂತರೆ ಮುದ್ರಣ ಯಾವಾಗ? ವಾದ್ಯ ಇರುವ ದಿನ 60%ರ ಹತ್ತಿರ ಸ್ಥಿರವಾಗಿ ಇಡಿ. ವಾದ್ಯ ಕೋಣೆಗೆ ಬಂದ ಮೇಲೆ ಮುಕ್ಕಾಲು ಗಂಟೆ ಹಾಗೇ ಬಿಟ್ಟು ಆಮೇಲೆ ಶ್ರುತಿ ಸೇರಿಸಲಿ. ಅಂಕಿ 55 ಇರಲಿ 60 ಇರಲಿ, ಏರಿಳಿತ ಇರಬಾರದು.

ಮಳೆಮಾಪನ

ಒಪ್ಪಿದೆ. ಮೈಕಿಗೂ 60% ಕೆಲವು ಗಂಟೆ ತೊಂದರೆಯಿಲ್ಲ. ತೊಂದರೆ 80 ದಾಟಿದ ಮೇಲೆ ಶುರು.

ಸೋಗೆಮಾಡು

ಮಾಡಿನ ವಿಷಯ ಯಾರೂ ಎತ್ತಲಿಲ್ಲ. ಮಳೆಗಾಲದಲ್ಲಿ ಮುದ್ರಣ ಮಾಡಬೇಕೆಂದರೆ ಅದೇ ದೊಡ್ಡ ಕೆಲಸ.

ಜಗಲಿಯ ತಗಡು ಮೊದಲು. ಹನಿ ಬಿದ್ದಾಗ ತಗಡು ತಾನೇ ಕಂಪಿಸಿ ಸದ್ದು ಮಾಡುತ್ತದೆ, ಅದು ಗೋಡೆಯ ಮೂಲಕ ಒಳಗೆ ಬರುತ್ತದೆ. ಹನಿಯ ಪೆಟ್ಟನ್ನು ತಗಡಿಗೆ ಮುಟ್ಟುವ ಮೊದಲೇ ತಡೆಯುವುದು ಅತಿ ಅಗ್ಗದ ಉಪಾಯ. ಹಿಂದೆ ಮಾಡಿಗೆ ಹೊದಿಸುತ್ತಿದ್ದ ಅಡಿಕೆ ಸೋಗೆಯನ್ನೇ ತಗಡಿನ ಮೇಲೆ ಅರ್ಧ ಅಡಿ ದಪ್ಪ ಹಾಸಿ, ಅಡಿಕೆ ದಬ್ಬೆ ಅಡ್ಡ ಇಟ್ಟು ಕಟ್ಟಿ. ದೀಪಾವಳಿ ಹೊತ್ತಿಗೆ ತೆಗೆದುಬಿಡಿ. ಒಣಗಿದರೆ ಬೆಂಕಿಯ ಭಯ, ಉಳಿಸಿದರೆ ಅಡಿಯಲ್ಲಿ ತಗಡು ತುಕ್ಕು ಹಿಡಿಯುತ್ತದೆ. ತಗಡಿನ ಪಕಾಸಿ (ಮಾಡನ್ನು ಹೊರುವ ಮರದ ಪಟ್ಟಿ) ಕೋಣೆಯ ಗೋಡೆಗೆ ನೇರ ಕೂತಿದ್ದರೆ ನಡುವೆ ದಪ್ಪ ರಬ್ಬರ್ ತುಂಡು ಕೊಡಿ.

ಹಂಚಿನ ಮಾಡಿನಲ್ಲಿ ಸಂದು ಬಹಳ. ಗಾಳಿ ಬರುವ ಕಡೆಯೆಲ್ಲ ಸದ್ದೂ ಬರುತ್ತದೆ. ಒಂದು ಗೋಡೆಯ ನೂರರಲ್ಲಿ ಒಂದು ಪಾಲು ತೆರೆದಿದ್ದರೆ, ಉಳಿದದ್ದು ಎಷ್ಟೇ ದಪ್ಪ ಇರಲಿ, ಒಟ್ಟು ತಡೆ 20 ಡಿಬಿ ಮೀರುವುದಿಲ್ಲ. ಹಾಗಾಗಿ ಹಂಚಿನ ಕೆಳಗೆ ಪೂರ್ತಿ ಮುಚ್ಚಿದ ಇನ್ನೊಂದು ತಾರಸಿ ಬೇಕು. ಅದು ಪಕಾಸಿಯಿಂದ ಜೋತಾಡಬಾರದು, ಎರಡು ಕಾರಣಕ್ಕೆ. ಒಂದು, ಕಂಪನ ಇಳಿದು ಬರುತ್ತದೆ. ಇನ್ನೊಂದು, ತೂಕ. 8 ಮಿ.ಮೀ. ಸಿಮೆಂಟ್ ಫೈಬರ್ ಬೋರ್ಡ್ ಚದರ ಮೀಟರಿಗೆ ಸುಮಾರು 11 ಕೆ.ಜಿ. ಎರಡು ಪದರಕ್ಕೆ ನಿಮ್ಮ ಕೋಣೆಯಲ್ಲಿ 300 ಕೆ.ಜಿ. ದಾಟುತ್ತದೆ. ಹಳೆಯ ಪಕಾಸಿಗೆ ಆ ಹೊರೆ ಸಲ್ಲ. 11 ಅಡಿ ಅಗಲಕ್ಕೆ ಉಕ್ಕಿನ ಸೆಕ್ಷನ್ ಅಡ್ಡ ಹಾಕಿ ಗೋಡೆಯ ಮೇಲೆ ರಬ್ಬರ್ ಪ್ಯಾಡ್ ಇಟ್ಟು ಕೂರಿಸಿ. ಮರದ ಚೌಕಟ್ಟು ಬೇಡ, ಗೆದ್ದಲಿಗೆ ಊಟ ಹಾಕಿದಂತೆ. ಬೋರ್ಡಿನ ಮೇಲೆ 50 ಮಿ.ಮೀ. ರಾಕ್‌ವೂಲ್ (ಸದ್ದು ಹೀರುವ ಕಲ್ಲುನಾರಿನ ಹಾಸು) ಹಾಸಿ. ಎರಡನೇ ಪದರದ ಜೋಡಣೆ ಮೊದಲನೆಯದರ ಜೋಡಣೆಯ ಮೇಲೆ ಬರಬಾರದು. ಅಂಚಿಗೆಲ್ಲ ಗಟ್ಟಿಯಾಗದ ಅಕೌಸ್ಟಿಕ್ ಸೀಲೆಂಟ್ ತುಂಬಿ. ಸಾಮಾನ್ಯ ಜಿಪ್ಸಮ್ ಬೋರ್ಡ್ ನಮ್ಮ ತೇವಕ್ಕೆ ಜೋತುಬೀಳುತ್ತದೆ, ಹಾಕಲೇಬೇಕಿದ್ದರೆ ತೇವ ತಡೆಯುವ ಹಸಿರು ಬೋರ್ಡ್.

ಕಿಟಕಿಗೆ 6 ಮತ್ತು 8 ಮಿ.ಮೀ.ನ ಎರಡು ಗಾಜು, ನಡುವೆ 100 ಮಿ.ಮೀ. ಅಂತರ. ಗಾಜುಗಳ ನಡುವೆ ತೆರೆಯಲು ಬರುವಂತೆ ಸಣ್ಣ ಜಾಗ ಮಾಡಿ ಸಿಲಿಕಾ ಜೆಲ್ ಇಡಿ, ಇಲ್ಲವಾದರೆ ಒಳಗೆ ಮಂಜು ಕಟ್ಟುತ್ತದೆ. ಜೀರುಂಡೆಯ ಸದ್ದು ಮೇಲಿನ ಕಂಪನಾಂಕದ್ದು, ರಬ್ಬರ್ ಪಟ್ಟಿ ಸರಿಯಾಗಿ ಕೂತರೆ ಬಹುಪಾಲು ನಿಲ್ಲುತ್ತದೆ. ಧೋ ಎಂದು ಸುರಿಯುವ ಮಳೆಯ ತಗ್ಗು ಸದ್ದು ನಿಲ್ಲಬೇಕಾದರೆ ತೂಕವೇ ಬೇಕು.

ಶ್ರುತಿಬಿಂದು

ತಾರಸಿ ಇಳಿದ ಮೇಲೆ ಎತ್ತರ 8 ಅಡಿ ಉಳಿಯುತ್ತದೆ ಎಂದುಕೊಂಡು ಕೋಣೆಯ ಅನುರಣನ ಲೆಕ್ಕ ಹಾಕೋಣ. ಸದ್ದಿನ ವೇಗ ಸೆಕೆಂಡಿಗೆ 1125 ಅಡಿ, ಅದನ್ನು ಉದ್ದದ ಎರಡರಷ್ಟರಿಂದ ಭಾಗಿಸಿ. 14 ಅಡಿಗೆ 40 ಹರ್ಟ್ಸ್, 11ಕ್ಕೆ 51, 8ಕ್ಕೆ 70. ಅವುಗಳ ದುಪ್ಪಟ್ಟು, ಮೂರರಷ್ಟು 80, 102, 120, 140, 153. ಗಂಡು ದನಿಯ ಆಧಾರ ಷಡ್ಜ ಬಿಳಿ ಒಂದರಿಂದ ಎರಡರವರೆಗೆ ಎಂದರೆ 131ರಿಂದ 147 ಹರ್ಟ್ಸ್. 140 ಸರಿಯಾಗಿ ಅಲ್ಲೇ ಬರುತ್ತದೆ. ಅದು ನೆಲ-ತಾರಸಿ ನಡುವಿನದ್ದು. ಹಾಗಾಗಿ ಹಾಡುಗಾರರ ತಲೆಯ ಮೇಲೆ ತಾರಸಿಗೆ 100 ಮಿ.ಮೀ. ದಪ್ಪದ ರಾಕ್‌ವೂಲ್ ಫಲಕ ಎರಡಾದರೂ ಕಟ್ಟಿ, ತಾರಸಿಯಿಂದ ನಾಲ್ಕು ಇಂಚು ಕೆಳಗೆ. ನಾಲ್ಕು ಮೂಲೆಗೂ ನೆಲದಿಂದ ತಾರಸಿವರೆಗೆ ರಾಕ್‌ವೂಲ್ ಫಲಕಗಳನ್ನು ಓರೆಯಾಗಿ ನಿಲ್ಲಿಸಿ. ಸಾಂದ್ರತೆ ಘನ ಮೀಟರಿಗೆ 48 ಕೆ.ಜಿ. ಸಾಕು. ಗೋಡೆಯ ಫಲಕಗಳನ್ನು ಗೋಡೆಗೆ ಅಂಟಿಸದೆ ಎರಡು-ಮೂರು ಇಂಚು ಬಿಟ್ಟು ತೂಗುಹಾಕಿ. ತಗ್ಗು ಸದ್ದು ಹೆಚ್ಚು ಹೀರುತ್ತದೆ, ಜೊತೆಗೆ ಗೋಡೆಯ ಒಸರು ಫಲಕಕ್ಕೆ ತಾಗುವುದಿಲ್ಲ. ಹೊದಿಕೆಗೆ ಗಾಳಿಯಾಡುವ ಪಾಲಿಯೆಸ್ಟರ್ ಬಟ್ಟೆ. ಹತ್ತಿಬಟ್ಟೆಗೆ ಒಂದೇ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ.

ಮೊಟ್ಟೆ ಟ್ರೇ ಬೇಡ. ಮೇಲಿನ ಸದ್ದನ್ನು ಸ್ವಲ್ಪ ಚದುರಿಸುವುದು ಬಿಟ್ಟರೆ ಏನೂ ಮಾಡುವುದಿಲ್ಲ. ಬೂಷ್ಟು, ಜಿರಳೆ, ಬೆಂಕಿ ಮೂರಕ್ಕೂ ದಾರಿ.

ಕವಲೇದುರ್ಗ

ವಿದ್ಯುತ್ತಿನ ಬಗ್ಗೆ ಕೇಳುವುದಿತ್ತು. ಸುತ್ತ ತೋಟದ ಪಂಪ್‌ಸೆಟ್ ಹಚ್ಚಿದಾಗ ದೀಪ ಮಂದವಾಗುತ್ತದೆ. ಸ್ಪೀಕರಿನಲ್ಲಿ ಹಮ್ ಇದೆ. ಇಲೆಕ್ಟ್ರಿಷಿಯನ್ "ಆಡಿಯೋಗೆ ಬೇರೆಯೇ ಅರ್ಥ್ ಗುಂಡಿ ತೋಡೋಣ" ಅನ್ನುತ್ತಿದ್ದಾರೆ.

ತಾಮ್ರತಂತಿ

ಬೇರೆ ಗುಂಡಿ ತೋಡಿದರೂ ಅದನ್ನು ಮನೆಯ ಮುಖ್ಯ ಅರ್ಥ್‌ಗೆ ದಪ್ಪ ತಾಮ್ರದಿಂದ ಜೋಡಿಸಲೇಬೇಕು. ಜೋಡಿಸದ ಎರಡು ಅರ್ಥ್ ಇದ್ದರೆ ಹತ್ತಿರದಲ್ಲಿ ಸಿಡಿಲು ಹೊಡೆದಾಗ ಎರಡರ ನಡುವೆ ಸಾವಿರಾರು ವೋಲ್ಟ್ ವ್ಯತ್ಯಾಸ ಬರುತ್ತದೆ, ಆ ವ್ಯತ್ಯಾಸ ಹಾಯುವುದು ನಿಮ್ಮ ಇಂಟರ್‌ಫೇಸಿನ ಮೂಲಕ, ಹೆಡ್‌ಫೋನ್ ಹಾಕಿದವರ ಮೂಲಕ. ಹಮ್ ಹೋಗುತ್ತದೆ ಎಂದು ಪ್ಲಗ್ಗಿನ ಅರ್ಥ್ ಪಿನ್ ಕತ್ತರಿಸುವುದನ್ನು ಕನಸಿನಲ್ಲೂ ಮಾಡಬೇಡಿ.

ಅರ್ಥ್ ರೋಧವನ್ನು ಏಪ್ರಿಲ್‌ನಲ್ಲಿ ಅಳೆಸಿ. ಜಂಬಿಟ್ಟಿಗೆ ನೆಲ ಮಳೆಗಾಲದಲ್ಲಿ ಒದ್ದೆ ಇದ್ದಾಗ ಒಳ್ಳೆಯ ಅಂಕಿ ತೋರಿಸಿ, ಬೇಸಿಗೆಯಲ್ಲಿ ಕೈಕೊಡುತ್ತದೆ. ಮುಂಗಾರಿಗೆ ಮೊದಲಿನ ಗುಡುಗು-ಸಿಡಿಲು ಬರುವುದು ನೆಲ ಒಣಗಿರುವ ಆಗಲೇ. 5 ಓಮ್ ಕೆಳಗೆ ಬರುವ ಹಾಗೆ ನೋಡಿಕೊಳ್ಳಿ. ಮುಖ್ಯ ಬೋರ್ಡಿನಲ್ಲಿ ಟೈಪ್ 2 ಸರ್ಜ್ ರಕ್ಷಕ ಹಾಕಿಸಿ, ಅದರ ತಂತಿ ಅರ್ಧ ಮೀಟರ್ ಮೀರಬಾರದು. ತಂತಿ ಉದ್ದವಾದಷ್ಟೂ ಅದು ತಡೆಯುವುದು ಕಡಿಮೆ. ಆದರೂ ಗುಡುಗು ಕೇಳಿದ ಕೂಡಲೇ ಪ್ಲಗ್ ಕಿತ್ತಿಡಿ, ಇಂಟರ್‌ನೆಟ್ಟಿಗೆ ತಾಮ್ರದ ತಂತಿ ಬಂದಿದ್ದರೆ ಅದನ್ನೂ.

ಹಮ್‌ಗೆ ಸುಲಭ ಪರೀಕ್ಷೆ: ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು, ಸ್ಪೀಕರ್ ಬಿಚ್ಚಿ, ಹೆಡ್‌ಫೋನಿನಲ್ಲಿ ಕೇಳಿ. ಹಮ್ ಹೋಯಿತೆಂದರೆ ಗ್ರೌಂಡ್ ಲೂಪ್ (ಎರಡು ಅರ್ಥ್ ದಾರಿ ಸೇರಿ ಸುತ್ತು ಕಟ್ಟುವುದು). ಸ್ಪೀಕರು, ಚಾರ್ಜರು ಎರಡನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿ, ಇಂಟರ್‌ಫೇಸಿನಿಂದ ಸ್ಪೀಕರಿಗೆ ಟಿಆರ್‌ಎಸ್ ಬ್ಯಾಲೆನ್ಸ್ಡ್ ಕೇಬಲ್ (ಹಮ್ ತಡೆಯುವ ಬಗೆಯದ್ದು) ಎಳೆಯಿರಿ. 2ಐ2 ಯುಎಸ್‌ಬಿಯಿಂದಲೇ ನಡೆಯುವುದರಿಂದ ಬ್ಯಾಟರಿ ಮೇಲೆ ಮುದ್ರಿಸಿದರೆ ಪಂಪ್‌ಸೆಟ್ಟು, ಲೈನ್ ಹೋಗುವುದು, ಸಿಡಿಲು ಎಲ್ಲದರಿಂದ ಒಂದೇ ಏಟಿಗೆ ಬಿಡುಗಡೆ. ಮುದ್ರಣದ ಹೊತ್ತಿಗೆ ಅದೇ ನನ್ನ ಶಿಫಾರಸು. ಹಳೆಯ ಸ್ಕ್ವೇರ್ ವೇವ್ ಇನ್ವರ್ಟರ್ ಇದ್ದರೆ ಸ್ಟುಡಿಯೋ ಲೈನಿಗೆ ಕೊಡಬೇಡಿ, ಗುಂಯ್ ಅನ್ನುವುದು ನಿಲ್ಲುವುದಿಲ್ಲ.

ಶ್ರುತಿಬಿಂದು

ಗಮಕಕ್ಕೆ ಬರೋಣ. ಶಿವಮೊಗ್ಗದ ಮಗ್ಗುಲಲ್ಲೇ ಮತ್ತೂರು-ಹೊಸಹಳ್ಳಿ, ಹೊಸಹಳ್ಳಿಯ ಎಚ್.ಆರ್. ಕೇಶವಮೂರ್ತಿ ಅವರಿಗೆ ಗಮಕಕ್ಕೇ 2022ರಲ್ಲಿ ಪದ್ಮಶ್ರೀ ಬಂತು. ಈ ಜಿಲ್ಲೆಯ ಸ್ಟುಡಿಯೋ ಗಮಕವನ್ನು ಚೆನ್ನಾಗಿ ಮುದ್ರಿಸಲು ಕಲಿಯಲೇಬೇಕು.

ವಾಚನಕ್ಕೊಬ್ಬರು, ವ್ಯಾಖ್ಯಾನಕ್ಕೊಬ್ಬರು. ಅಕ್ಕಪಕ್ಕ ಕೂರಿಸಬೇಡಿ, ಎದುರುಬದುರು ಕೂರಿಸಿ. ಆಗ ಒಬ್ಬರ ಮೈಕಿನ ಬೆನ್ನು ಇನ್ನೊಬ್ಬರ ಕಡೆ ಇರುತ್ತದೆ. ಕಾರ್ಡಿಯಾಯ್ಡ್ ಮೈಕ್ (ಎದುರಿನ ದನಿಯನ್ನೇ ಹೆಚ್ಚು ಹಿಡಿಯುವ ಬಗೆ) ಅತಿ ಕಡಿಮೆ ಕೇಳುವುದು ಬೆನ್ನಿನ ಕಡೆಯಿಂದಲೇ. ಬಾಯಿಂದ ಮೈಕಿಗೆ ಒಂದಡಿ ಇದ್ದರೆ ಎರಡು ಮೈಕ್‌ಗಳ ನಡುವೆ ಕನಿಷ್ಠ ಮೂರಡಿ ಬೇಕು. ಇಲ್ಲವಾದರೆ ಎರಡನ್ನೂ ಬೆರೆಸಿದಾಗ ದನಿ ಕೊಳವೆಯೊಳಗಿಂದ ಬಂದಂತೆ ಕೇಳುತ್ತದೆ. ವಾಚನಕ್ಕೆ ಕಂಡೆನ್ಸರ್, ವ್ಯಾಖ್ಯಾನಕ್ಕೆ ನಿಮ್ಮ ಎಸ್‌ಎಂ 58 ಸಾಕು. ಮಾತಿನ ದನಿಗೆ ಅದು ನಾಲ್ಕೈದು ಇಂಚಿನಲ್ಲಿರಲಿ.

ಗಮಕದಲ್ಲಿ ಮಹಾಪ್ರಾಣ ಒತ್ತಿ ಹೇಳುತ್ತಾರೆ. "ಭೀಮ", "ಭೋರ್ಗರೆ", "ಫಲುಗುಣ" ಬಂದಾಗಲೆಲ್ಲ ಗಾಳಿ ಡಯಾಫ್ರಮ್ಮಿಗೆ ಬಡಿಯುತ್ತದೆ. ಪಾಪ್ ಫಿಲ್ಟರ್ ಮೈಕಿಗೆ ನಾಲ್ಕು ಬೆರಳು ಮುಂದೆ ಇರಲಿ, ಅಂಟಿಕೊಂಡಿದ್ದರೆ ಕೆಲಸ ಮಾಡುವುದಿಲ್ಲ. ಮೈಕನ್ನು ಬಾಯಿಯ ನೇರಕ್ಕೆ ಇಡದೆ ಮೂಗಿನ ಮಟ್ಟಕ್ಕೆ ಎತ್ತಿ ಸ್ವಲ್ಪ ಕೆಳಗೆ ಬಾಗಿಸಿ. ಕಾವ್ಯದ ಪುಸ್ತಕ ಹಾಳೆ ತಿರುವುವ ಸದ್ದೂ ಕೇಳುತ್ತದೆ. ವ್ಯಾಸಪೀಠಕ್ಕೆ ದಪ್ಪ ಬಟ್ಟೆ ಹಾಸಿ, ಓದುವ ಪುಟಗಳನ್ನು ಬಿಡಿ ಹಾಳೆಯಲ್ಲಿ ದೊಡ್ಡಕ್ಷರದಲ್ಲಿ ಮುದ್ರಿಸಿ ಪಕ್ಕಪಕ್ಕ ಇಟ್ಟರೆ ಇನ್ನೂ ಒಳ್ಳೆಯದು.

ಮುದ್ರಣದ ಸೆಟ್ಟಿಂಗ್ 48 ಕಿಲೋಹರ್ಟ್ಸ್, 24 ಬಿಟ್. ಮೀಟರಿನಲ್ಲಿ ಸರಾಸರಿ −18 ಡಿಬಿಎಫ್‌ಎಸ್, ಏರು ಸ್ಥಾಯಿಯಲ್ಲಿ −8 ಮೀರದಂತೆ ಗೇನ್ ಇಡಿ. ಒಂದು ಮೋನೋ ಟ್ರ್ಯಾಕ್ ಗಂಟೆಗೆ ಸುಮಾರು 520 ಎಂಬಿ. ಶ್ರುತಿಪೆಟ್ಟಿಗೆ ಕೋಣೆಯಲ್ಲಿ ತೆರೆದು ಹಾಕಬೇಡಿ. ಲೈನ್ ಮೂಲಕ ಮುದ್ರಿಸಿಟ್ಟು ಹೆಡ್‌ಫೋನಿನಲ್ಲಿ ಕೊಡಿ, ಒಂದು ಕಿವಿ ಮಾತ್ರ. ಎರಡೂ ಕಿವಿ ಮುಚ್ಚಿದರೆ ಹಾಡುಗಾರರ ಶ್ರುತಿ ಜಾರುವುದುಂಟು. ಹೆಡ್‌ಫೋನ್ ಮುಚ್ಚಿದ ಬಗೆಯದ್ದಿರಲಿ, ಸೋನಿ 7506ನಂಥದ್ದು.

ಕವಲೇದುರ್ಗ

ಕೊನೆಯ ಪ್ರಶ್ನೆ ಹಿಮ್ಮೇಳದವರಿಗೆ. ಎರಡೇ ಇನ್‌ಪುಟ್ ಇರುವಾಗ ಭಾಗವತರು, ಮದ್ದಳೆ, ಚಂಡೆ ಹೇಗೆ? ಭಾಗವತರ ತಾಳದ ಸದ್ದು ಅವರದ್ದೇ ಮೈಕಿನಲ್ಲಿ ದನಿಯನ್ನು ಮೀರಿ ಬರುತ್ತದೆ ಎನ್ನುವುದು ಎಲ್ಲರ ದೂರು.

ಹಿಮ್ಮೇಳ

ಚಂಡೆಯನ್ನು ಆ ಕೋಣೆಯಲ್ಲಿ ಉಳಿದವರ ಜೊತೆ ಕೂರಿಸಿದರೆ ಎಲ್ಲ ಮೈಕಿನಲ್ಲೂ ಚಂಡೆಯೇ. ನಾಲ್ಕು ಪ್ರಿಆಂಪ್‌ನ (ನಾಲ್ಕು ಮೈಕ್ ಹಾಕಬಹುದಾದ) ಇಂಟರ್‌ಫೇಸ್ ತಂದು, ಚಂಡೆಯವರನ್ನು ಗಾಜಿನ ಕಿಟಕಿಯ ಆಚೆ ಕೂರಿಸುವುದು ಸರಿಯಾದ ದಾರಿ. ಕಣ್ಣಿಗೆ ಕಣ್ಣು ಕಾಣಬೇಕು, ಭಾಗವತರ ಸನ್ನೆ ಇಲ್ಲದೆ ಚಂಡೆಯವರಿಗೆ ಮುಕ್ತಾಯ ಹಿಡಿಯುವುದು ಕಷ್ಟ. ಅದು ಆಗುವವರೆಗೆ ಪದ್ಯ-ಮದ್ದಳೆ ಮೊದಲು, ಚಂಡೆ ಆಮೇಲೆ ಹೆಡ್‌ಫೋನಿನಲ್ಲಿ ಕೇಳಿಕೊಂಡು. ಮೊದಲ ಸುತ್ತಿನಲ್ಲಿ ಫೋನಿನಲ್ಲಿ ಭಾಗವತರ ವಿಡಿಯೋ ಹಿಡಿದು ಚಂಡೆಯವರ ಎದುರು ಇಡಿ, ಸನ್ನೆ ಸಿಗುತ್ತದೆ.

ಚಂಡೆಗೆ ಶ್ಯೂರ್ ಎಸ್‌ಎಂ 57, ಕೋಲು ಬೀಳುವ ಮುಖದಿಂದ ಒಂದೂವರೆ ಅಡಿ, ಅಂಚಿನ ಕಡೆ ಓರೆಯಾಗಿ. ಹತ್ತಿರದಲ್ಲಿ ಪೆಟ್ಟಿನ ತುದಿ 130 ಡಿಬಿ ಮುಟ್ಟಿದರೆ ಎಟಿ 2035 ಕೊಡುವುದು +5 ಡಿಬಿಯು (ವೋಲ್ಟೇಜನ್ನು ಡಿಬಿಯಲ್ಲಿ ಹೇಳುವ ಅಳತೆ). 2ಐ2 ಅತಿ ಕಡಿಮೆ ಗೇನ್‌ನಲ್ಲಿ ತಾಳುವುದು +9. ಬರೀ 4 ಡಿಬಿ ಉಳಿಯುತ್ತದೆ, ಒಂದು ಜೋರು ಪೆಟ್ಟಿಗೆ ಒಡೆಯುತ್ತದೆ. ಅದನ್ನೇ ಬಳಸುವುದಾದರೆ ಪ್ಯಾಡ್ ಹಾಕಿ. 57ರಲ್ಲಿ ಅದೇ ಪೆಟ್ಟು 23 ಡಿಬಿ ಕೆಳಗಿರುತ್ತದೆ, ತಂಟೆಯಿಲ್ಲ.

ಮದ್ದಳೆಗೆ ಒಂದೇ ಮೈಕ್ ಇದ್ದರೆ ಎರಡೂ ಮುಚ್ಚಿಗೆಗೆ ಸಮ ದೂರದಲ್ಲಿ, ವಾದ್ಯದ ಎದುರು ಎರಡಡಿ ಆಚೆ, ಮೊಣಕಾಲಿಗಿಂತ ಸ್ವಲ್ಪ ಮೇಲೆ. ಎರಡು ಮೈಕ್ ಇದ್ದರೆ ಬಲಕ್ಕೆ ಎಂಟು ಇಂಚು, ಎಡಕ್ಕೆ ಹತ್ತು-ಹನ್ನೆರಡು. ಎರಡನ್ನೂ ಮೋನೋದಲ್ಲಿ ಬೆರೆಸಿ ಒಂದರ ಪೊಲ್ಯಾರಿಟಿ ತಿರುಗಿಸಿ (ತರಂಗವನ್ನು ತಲೆಕೆಳಗು ಮಾಡಿ) ಕೇಳಿ, ಯಾವ ಸ್ಥಿತಿಯಲ್ಲಿ ಎಡದ ಗುಂಕಿ ತುಂಬಿ ಬರುತ್ತದೋ ಅದನ್ನೇ ಇಟ್ಟುಕೊಳ್ಳಿ.

ತಾಳಕ್ಕೆ ಉಪಾಯ ಇದೆ. ಸಾಮಾನ್ಯವಾಗಿ ಮೈಕನ್ನು ಹಣೆಯ ಮಟ್ಟದಿಂದ ಕೆಳಮುಖ ಮಾಡುತ್ತಾರೆ. ಆಗ ಮೈಕಿನ ಮುಖ ಬಾಯಿಗೂ ತಾಳಕ್ಕೂ ಒಟ್ಟಿಗೇ ತೆರೆದಿರುತ್ತದೆ. ಬದಲಿಗೆ ಗಲ್ಲದ ಕೆಳಗೆ, ಎದೆಯಿಂದ ಏಳೆಂಟು ಇಂಚು ಮುಂದೆ ಇಟ್ಟು 45 ಡಿಗ್ರಿ ಮೇಲ್ಮುಖ ಮಾಡಿ ಬಾಯಿಗೆ ಗುರಿಯಿಡಿ. ಮೈಕಿನ ಬೆನ್ನು ಕೆಳಗಾಗುತ್ತದೆ. ತಾಳ ಹಿಡಿದ ಕೈಯನ್ನು ತೊಡೆಯ ಮಟ್ಟಕ್ಕೆ ಇಳಿಸಿ, ಸ್ವಲ್ಪ ಮುಂದೆ ಚಾಚಿ ಹಾಕಲು ಭಾಗವತರನ್ನು ಕೇಳಿಕೊಳ್ಳಿ, ಮೈಕಿನ ಬೆನ್ನಿನ ನೇರಕ್ಕೆ ಬರುವ ಹಾಗೆ. ಹೀಗೆ ಮಾಡಿದಾಗ ಮೈಕ್ ತಾರಸಿಯ ಕಡೆ ನೋಡುತ್ತದೆ, ತಾರಸಿಯಿಂದ ಮರಳುವ ತಾಳದ ಸದ್ದೂ ಒಳಗೆ ಬರುತ್ತದೆ. ಶ್ರುತಿಬಿಂದು ಹೇಳಿದ ತಲೆಯ ಮೇಲಿನ ಫಲಕ ಅದನ್ನೂ ಹೀರುತ್ತದೆ. ಇದಕ್ಕೆ ಎಸ್‌ಎಂ 58 ಸಾಕು. ಸೂಪರ್‌ಕಾರ್ಡಿಯಾಯ್ಡ್ ಮೈಕ್ ಇಲ್ಲಿ ಹಾಕಬೇಡಿ. ಅದು ಅತಿ ಕಡಿಮೆ ಕೇಳುವುದು ನೇರ ಬೆನ್ನಿನಿಂದಲ್ಲ, 126 ಡಿಗ್ರಿ ಪಕ್ಕದಿಂದ. ನೇರ ಹಿಂದಿನಿಂದ ತಾಳ ಮತ್ತೆ ಕೇಳುತ್ತದೆ.

ಮುದ್ರಣ ಶುರುವಾಗುವ ಮುಂಚೆ ಭಾಗವತರು ಹಾಡದೆ ಬರೀ ತಾಳ ಹಾಕುವುದನ್ನು ಅರ್ಧ ನಿಮಿಷ ಮುದ್ರಿಸಿ. ಆಮೇಲೆ ತಾಳವಿಲ್ಲದೆ ಅದೇ ಪದ್ಯದ ಒಂದು ಸಾಲು. ಮೀಟರಿನಲ್ಲಿ ದನಿ ತಾಳಕ್ಕಿಂತ 10 ಡಿಬಿಯಾದರೂ ಮೇಲಿದ್ದರೆ ಮುಂದುವರಿಯಿರಿ. ಇಲ್ಲವಾದರೆ ಈಕ್ವಲೈಸರಿಗೆ ಕೈಹಾಕದೆ ಮೈಕನ್ನೇ ಒಂದೆರಡು ಇಂಚು ಸರಿಸಿ ಮತ್ತೆ ನೋಡಿ.